ಹಬ್ಬ ಪಂಚಾಂಗದ್ದು, ರಜೆ ಬವೇರಿಯಾದ್ದು

ಮ್ಯೂನಿಕ್‌ನಲ್ಲಿ ಮಗು ಶಾಲೆಗೆ ಸೇರಿತು ಅಂದರೆ, ಊರಿಗೆ ಹೋಗುವ ದಿನ ಗೊತ್ತುಮಾಡುವವರು ನಾವಲ್ಲ, ಜರ್ಮನಿಯ ಬವೇರಿಯಾ ರಾಜ್ಯದ ಸರ್ಕಾರ. ಕಿಂಡರ್‌ಗಾರ್ಟನ್‌ ಇರುವ ತನಕ ಯಾರೂ ಕೇಳುವುದಿಲ್ಲ. ಟಿಕೆಟ್ ಅಗ್ಗ ಇದ್ದಾಗ ಹೊರಡಬಹುದು. ಬೇಕಾದರೆ ಎರಡು ವಾರ ಜಾಸ್ತಿ ಇದ್ದು ಬರಬಹುದು. ಒಂದನೇ ಕ್ಲಾಸು ಶುರುವಾಯಿತೋ, ಮುಗಿಯಿತು. ಇಲ್ಲಿ ಶಾಲೆ ತಪ್ಪಿಸುವುದು ಕಾನೂನಿಗೆ ವಿರುದ್ಧ. "ಊರಲ್ಲಿ ಹಬ್ಬ, ಒಂದು ವಾರ ರಜೆ ಕೊಡಿ ಮೇಡಂ" ಅನ್ನುವ ನಮ್ಮ ಕಾಲದ ಚೀಟಿ ನಡೆಯುವುದಿಲ್ಲ. ಧಾರ್ಮಿಕ ಹಬ್ಬ ಅಂತ ಅರ್ಜಿ ಕೊಟ್ಟರೆ ಒಂದು ದಿನ ಬಿಟ್ಟಾರು. ಒಂದು ದಿನದಲ್ಲಿ ಶಿವಮೊಗ್ಗ ಜಿಲ್ಲೆಯ ನಮ್ಮೂರು ಸಾಗರಕ್ಕೆ ಹೋಗಿ ಬರಲು ಆಗುತ್ತದಾ? ಹೇಳದೆ ಹೊರಟರೆ ದಂಡ. 2018ರಲ್ಲಿ ರಜೆ ಶುರುವಾಗುವ ಮೊದಲೇ ಮಕ್ಕಳ ಸಮೇತ ಹೊರಟಿದ್ದ ಕುಟುಂಬಗಳನ್ನು ಮೆಮಿಂಗೆನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಗುರುತಿಸಿ ವರದಿ ಮಾಡಿದ್ದರು. ಹೊಸದಾಗಿ ಬಂದ ಕನ್ನಡದವರಿಗೆ ಆ ಕತೆಯನ್ನು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ.

ನಮ್ಮ ಹಬ್ಬವೋ, ಒಂದು ಕಡೆ ನಿಲ್ಲುವುದಿಲ್ಲ. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು. ಹಾಗಾಗಿ ದೀಪಾವಳಿ ವರ್ಷ ವರ್ಷ ಹಿಂದೆ ಸರಿಯುತ್ತಾ ಹೋಗುತ್ತದೆ. ಅಧಿಕ ಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದು ನರಕ ಚತುರ್ದಶಿ ನವೆಂಬರ್ 12ಕ್ಕೆ ಹೋಗಿತ್ತು. ಅಷ್ಟರಲ್ಲಿ ಇಲ್ಲಿನ ಶರತ್ಕಾಲದ ರಜೆ ಮುಗಿದು ಒಂದು ವಾರ ಆಗಿತ್ತು. 2024ರಲ್ಲಿ ಎರಡೂ ಕೂಡಿ ಬಂದವು. ಇಲ್ಲಿ ಅಕ್ಟೋಬರ್ 28ರಿಂದ ರಜೆ. ಅಲ್ಲಿ 31ಕ್ಕೆ ಚತುರ್ದಶಿ, ನವೆಂಬರ್ 1ಕ್ಕೆ ರಾಜ್ಯೋತ್ಸವ, 2ಕ್ಕೆ ಬಲಿಪಾಡ್ಯಮಿ. ಅಮಾವಾಸ್ಯೆ 31ರ ಮಧ್ಯಾಹ್ನ ಹಿಡಿದು 1ರ ಸಂಜೆ ಬಿಟ್ಟಿದ್ದರಿಂದ ಲಕ್ಷ್ಮೀಪೂಜೆ ಯಾವತ್ತು ಅಂತ ದೇಶಕ್ಕೆ ದೇಶವೇ ಜಗಳ ಆಡಿತು. ನಮಗೆ ಆ ಚಿಂತೆ ಇರಲಿಲ್ಲ. ಎರಡು ದಿನವೂ ನಾವು ಅಲ್ಲೇ ಇರುತ್ತೇವಲ್ಲ!

ಸಣ್ಣ ಮಕ್ಕಳಿದ್ದರೆ ನೇರ ವಿಮಾನಕ್ಕೆ ದುಡ್ಡು ಸುರಿಯಿರಿ. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ. ಮ್ಯೂನಿಕ್‌ನಿಂದ ಬೆಂಗಳೂರಿಗೆ 2023ರ ನವೆಂಬರಿನಲ್ಲಿ ನೇರ ವಿಮಾನ ಶುರುವಾಗಿತ್ತು. ದಿನಾ ಇರಲಿಲ್ಲ ಅಷ್ಟೆ. ಅದಕ್ಕೆ ಮುಂಚೆ ಫ್ರಾಂಕ್‌ಫರ್ಟಿನಲ್ಲೋ ಕೊಲ್ಲಿ ದೇಶದಲ್ಲೋ ಇಳಿದು, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಇನ್ನೊಂದು ಗೇಟಿಗೆ ಓಡಬೇಕಿತ್ತು.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಮಗಳದು ಭಾರತದ ಪಾಸ್‌ಪೋರ್ಟ್, ಮಗನದು ಜರ್ಮನಿಯದು, ಜೊತೆಗೆ ಓಸಿಐ ಕಾರ್ಡು, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ವೀಸಾದ ಬದಲು ಕೊಡುವ ಕಾರ್ಡು. ಜರ್ಮನಿಯಲ್ಲಿ ಮಕ್ಕಳಿಗಂತಲೇ ಇದ್ದ ಚಿಕ್ಕ ಪಾಸ್‌ಪೋರ್ಟನ್ನು 2024ರ ಜನವರಿಯಿಂದ ನಿಲ್ಲಿಸಿದ್ದಾರೆ. ಈಗ ಕೂಸಿಗೂ ದೊಡ್ಡವರ ಹಾಗೇ ಪಾಸ್‌ಪೋರ್ಟ್ ಮಾಡಿಸಬೇಕು, ಅದಕ್ಕೆ ವಾರಗಟ್ಟಲೆ ಕಾಯಬೇಕು. ಹಬ್ಬಕ್ಕೆ ಹೊರಡುವವರು ಬೇಸಿಗೆಯಲ್ಲೇ ನೋಡಿಕೊಳ್ಳಿ.

ಮಗನಿಗೆ ಎರಡು ತುಂಬಿರಲಿಲ್ಲ, ಹಾಗಾಗಿ ತೊಡೆಯ ಮೇಲಿನ ಟಿಕೆಟ್. ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು ಮೊದಲೇ ಕೇಳಿಟ್ಟಿದ್ದೆವು. ತೊಟ್ಟಿಲು ಸಿಕ್ಕಿತು ಅಂತ ಹಿಗ್ಗಬೇಡಿ. ವಿಮಾನ ಸ್ವಲ್ಪ ಅಲುಗಾಡಿ ಬೆಲ್ಟಿನ ದೀಪ ಹತ್ತಿದರೆ, ಮಗು ಎಂಥಾ ಗಾಢ ನಿದ್ದೆಯಲ್ಲಿದ್ದರೂ ಎತ್ತಿ ತೊಡೆಗೆ ಹಾಕಿಕೊಳ್ಳಬೇಕು. ಕಪ್ಪು ಸಮುದ್ರದ ಮೇಲೆ ಮಗ ಆಗಷ್ಟೇ ಮಲಗಿದ್ದ. ಬಾಯಿ ಅರ್ಧ ತೆರೆದು, ಒಂದು ಸಾಕ್ಸ್ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ದೀಪ ಹತ್ತಿತು. ಎತ್ತಿದೆ. ಎಚ್ಚರವಾಯಿತು. ದೀಪ ಆರಿತು. ಅಲ್ಲಿಂದ ಬೆಂಗಳೂರಿನ ತನಕ ಅವನು ಮಲಗಲಿಲ್ಲ, ಸುತ್ತಲಿನ ನಾಲ್ಕು ಸಾಲೂ ಮಲಗಲಿಲ್ಲ. ಇಳಿಯುವಾಗ ಕಿವಿ ಕಟ್ಟಿಕೊಂಡು ಅಳುತ್ತಾರೆ ಅಂತ ಹಾಲಿನ ಬಾಟಲಿ ಇಟ್ಟುಕೊಂಡಿದ್ದೆ. ಚೀಪಿ ನುಂಗುತ್ತಾ ಇದ್ದರೆ ಕಿವಿಯ ಒತ್ತಡ ಇಳಿಯುತ್ತದೆ. ಅದೊಂದು ಮಾತ್ರ ಅಂದುಕೊಂಡ ಹಾಗೆ ನಡೆಯಿತು.

ಕೆಳಗಿಳಿದಾಗ ಮಧ್ಯರಾತ್ರಿ ದಾಟಿತ್ತು. ಎರಡನೇ ಟರ್ಮಿನಲ್ಲಿನ ಬಿದಿರು, ತೂಗುವ ಬಳ್ಳಿಗಳನ್ನೆಲ್ಲ ಮಗಳು ಕತ್ತೆತ್ತಿ ನೋಡುತ್ತಾ ನಡೆದಳು. ಸಾಗರಕ್ಕೆ ಹೋಗುವ ಮೈಸೂರು–ತಾಳಗುಪ್ಪ ರೈಲು ಆಗಲೇ ಬೆಂಗಳೂರು ಬಿಟ್ಟಾಗಿತ್ತು. ಇದ್ದಿದ್ದರೂ ಹಬ್ಬದ ವಾರ ಸೀಟು ಯಾರು ಕೊಡುತ್ತಾರೆ? ಕಾರು ಹೇಳಿದ್ದೆವು. ಮಕ್ಕಳ ಕಾರ್ ಸೀಟನ್ನು ಮ್ಯೂನಿಕ್‌ನಿಂದಲೇ ಹೊತ್ತು ತಂದಿದ್ದೆವು. ವಿಮಾನದಲ್ಲಿ ಅದಕ್ಕೆ ಸಾಮಾನ್ಯವಾಗಿ ಬೇರೆ ಚಾರ್ಜಿಲ್ಲ. ಆದರೆ ಕಾರಿನ ಹಿಂದಿನ ಬೆಲ್ಟಿನ ಬಕಲ್ ಎಲ್ಲಿ? ಹೊಳೆಯುವ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿತ್ತು. ಡ್ರೈವರು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕವರಿನ ಕೆಳಗೆ ಮೊಣಕೈವರೆಗೆ ಕೈ ತೂರಿಸಿ ಎಳೆದರು. ಬಕಲ್ ಜೊತೆ ಒಂದು ಹಳೇ ಬಸ್ ಟಿಕೆಟ್, ಅರ್ಧ ಕಡಲೆಮಿಠಾಯಿ ಬಂತು. "ಇದನ್ನ ಇವತ್ತಿನವರೆಗೂ ಯಾರೂ ಕೇಳಿರ್ಲಿಲ್ಲ ಮೇಡಂ" ಅಂದರು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು. ಮಕ್ಕಳು ಸೀಟಿನಲ್ಲೇ ಮಲಗಿದರು. ಆ ಭಾರ ಹೊತ್ತಿದ್ದು ಸಾರ್ಥಕ.

ಬೆಂಗಳೂರಲ್ಲಿ ನಿಲ್ಲಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಹೊರನಾಡಿನಿಂದ ಬರುವವರ ರಜೆಯೆಲ್ಲ ಸೋರಿಹೋಗುವುದು ಅಲ್ಲೇ. ಒಬ್ಬ ಚಿಕ್ಕಪ್ಪ ಜಯನಗರದಲ್ಲಿ, ಒಬ್ಬ ಅತ್ತಿಗೆ ಯಲಹಂಕದಲ್ಲಿ, ಒಬ್ಬ ಗೆಳತಿ ಕೆಂಗೇರಿಯಲ್ಲಿ. ಎಲ್ಲರ ಮನೆಯಲ್ಲೂ ಕಾಫಿ, ಚಕ್ಕುಲಿ, "ಇಷ್ಟು ಬೇಗ ಹೊರಟ್ರಾ?" ಸಿಗ್ನಲ್ಲುಗಳ ನಡುವೆ ಮಕ್ಕಳು ವಾಂತಿ ಮಾಡುತ್ತಾರೆ. ಕೊನೆಗೆ ಊರು ಮುಟ್ಟಿದಾಗ ಹಬ್ಬ ಮುಗಿದಿರುತ್ತದೆ. ನಾವು ಮೊದಲೇ ಫೋನ್ ಮಾಡಿ ಹೇಳಿದೆವು: ಒಂದೇ ಮನೆ, ಒಂದೇ ಹಬ್ಬ, ನೋಡಬೇಕು ಅನ್ನಿಸಿದವರು ಸಾಗರಕ್ಕೇ ಬನ್ನಿ. ಒಬ್ಬರು ಮುಖ ಊದಿಸಿಕೊಂಡರು. ಇಬ್ಬರು ಬಂದರು. ಅಡ್ಡಿಯಿಲ್ಲ.

ಇನ್ನು ನಿದ್ದೆ. ಅಕ್ಟೋಬರಿನ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ. ನಾವು ದಾರಿಯಲ್ಲಿದ್ದ ಬೆಳಗ್ಗೆಯೇ ಅದು ಆಯಿತು. ಹೊರಡುವಾಗ ಮೂರೂವರೆ ಗಂಟೆ ಇದ್ದ ಅಂತರ ಊಟದ ಹೊತ್ತಿಗೆ ನಾಲ್ಕೂವರೆ. ಮಕ್ಕಳ ಮೈಗೆ ಇದೆಲ್ಲ ಗೊತ್ತಾಗುತ್ತದಾ? ಸಾಗರದಲ್ಲಿ ರಾತ್ರಿ ಒಂಬತ್ತು ಅಂದರೆ ಅವರಿಗೆ ಇನ್ನೂ ಸಂಜೆಯ ಆಟದ ಹೊತ್ತು. ಹನ್ನೆರಡಾದರೂ ಜಗಲಿಯಲ್ಲಿ ಓಡಾಟ. ಈ ಸ್ಥಿತಿಯಲ್ಲಿ ಚತುರ್ದಶಿಯ ಎಣ್ಣೆನೀರು ಬೆಳಗಿನ ಜಾವಕ್ಕೆ! ನಾಲ್ಕೂವರೆಗೆ ಎಬ್ಬಿಸುವುದು ಅಂದರೆ ಅವರ ಲೆಕ್ಕದಲ್ಲಿ ನಡುರಾತ್ರಿ.

ನೀರು ತುಂಬುವ ದಿನ ಸಂಜೆ ಅತ್ತೆ ಹಂಡೆ ತೊಳೆದು ಶೇಡಿ (ಬಿಳಿ ಮಣ್ಣು), ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಬಳ್ಳಿ ಸುತ್ತಿದ್ದರು. ಮಗಳು ಆ ಕೆಲಸದಲ್ಲಿ ಪೂರ್ತಿ ಮುಳುಗಿದ್ದರಿಂದ "ನಾನೇ ಮೊದಲು ಸ್ನಾನ ಮಾಡ್ತೀನಿ" ಅಂತ ಮಾತು ಕೊಟ್ಟಿದ್ದಳು. ಬೆಳಗ್ಗೆ ಅವಳನ್ನು ಎತ್ತಿಕೊಂಡೇ ಬಚ್ಚಲಿಗೆ ಹೋದೆವು. ಅಡಿಕೆ ಸಿಪ್ಪೆಯ ಹೊಗೆ, ಹಂಡೆಯ ಬಿಸಿ, ಅತ್ತೆಯ ಒರಟು ಅಂಗೈ. ನೆತ್ತಿಗೆ ಎಣ್ಣೆ ತಟ್ಟಿದಾಗ ಕಣ್ಣು ಬಿಟ್ಟಳು, ಎರಡನೇ ತಂಬಿಗೆಗೆ ನಕ್ಕಳು. ಮಗನನ್ನು ಎಬ್ಬಿಸಲಿಲ್ಲ. "ಕೂಸಿಗೆ ಎಂಟು ಗಂಟೆಗೆ ಹಾಕಿದ್ರೂ ನಡೀತದೆ, ನರಕಾಸುರ ಕಾಯ್ತಾನೆ" ಅಂತ ಅತ್ತೆಯೇ ಅಂದರು. ಶಾಸ್ತ್ರದಲ್ಲಿ ಬಿಗಿ ಅಂತ ನಾನು ಹೆದರಿಕೊಂಡಿದ್ದು ಇವರಿಗೇ.

ಪಟಾಕಿ ಮಾತ್ರ ಸರಿಹೋಗಲಿಲ್ಲ. ಜರ್ಮನಿಯಲ್ಲಿ ಜನಕ್ಕೆ ಪಟಾಕಿ ಮಾರುವುದು ವರ್ಷದ ಕೊನೆಯ ಮೂರು ದಿನ, ಹೊಸ ವರ್ಷದ ರಾತ್ರಿಗೆ ಅಂತ. ಮಗಳಿಗೆ ಅದನ್ನು ಕಿಟಕಿ ಗಾಜಿನ ಹಿಂದಿನಿಂದ ನೋಡಿ ಗೊತ್ತು. ಅಂಗಳದಲ್ಲಿ, ಬರಿಗಾಲಿನ ಹತ್ತಿರ ಸಿಡಿದದ್ದು ಇದೇ ಮೊದಲು. ಸುರ್‌ಸುರ್‌ಬತ್ತಿಗೆ ನಿಂತಳು, ಅದರಾಚೆಗೆ ಒಳಗೆ ಓಡಿದಳು.

ಗೋಪೂಜೆಯ ದಿನ ನೋಡಬೇಕಿತ್ತು. ಹಿಂದಿನ ರಾತ್ರಿಯೇ ಅಡಿಕೆ, ಚೆಂಡುಹೂವು ಪೋಣಿಸಿ ಹಾರ ಆಗಿತ್ತು. ಬೆಳಗ್ಗೆ ದನಗಳ ಮೈ ತೊಳೆದ ಮೇಲೆ ಮಾವ ಅಳೆಯುವ ಸಿದ್ದೆಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ಮಗಳ ಕೈಗೆ ಕೊಟ್ಟರು. ಹಸುವಿನ ಪಕ್ಕೆಗೆ ಒತ್ತಿದರೆ ದುಂಡಗೆ ಒಂದು ಬಳೆ ಮೂಡುತ್ತದೆ. ಅವಳು ಮೆತ್ತಗೆ ಮುಟ್ಟಿದಳು. ಹಸು ಚರ್ಮ ಅದುರಿಸಿತು, ಬಳೆ ಕಲಸಿಹೋಯಿತು. "ಗಟ್ಟಿ ಒತ್ತು, ಅದಕ್ಕೇನೂ ಆಗೂದಿಲ್ಲ." ಆಮೇಲೆ ಆ ಹಸುವಿನ ಮೈಮೇಲೆ ಜಾಗ ಉಳಿಯಲಿಲ್ಲ. ಮಗ ಈ ಕಡೆಯಿಂದ ಚೀನಿಕಾಯಿ (ಸಿಹಿಗುಂಬಳ) ಕಡುಬು ಕೊಡುವುದು, ಅರ್ಧ ತಾನೇ ತಿನ್ನುವುದು. ಪಕ್ಕದ ಕರು ಅವ್ವನ ಕೊರಳಿನ ಹಾರದ ಹೂವು ಕಿತ್ತು ಮೇಯುತ್ತಿತ್ತು.

ಅದೇ ಮಧ್ಯಾಹ್ನ ಹೊರಟೆವು. ಆ ರಾತ್ರಿ ಅಂಟಿಗೆ-ಪಂಟಿಗೆಯವರು ಬರುವವರಿದ್ದರು. ಆರದ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುವವರನ್ನು ಮಕ್ಕಳಿಗೆ ತೋರಿಸಬೇಕು ಅಂತ ಎಷ್ಟು ಆಸೆಯಿತ್ತು. ಸೋಮವಾರ ಎಂಟಕ್ಕೆ ಶಾಲೆ. ಏನು ಮಾಡುವುದು? ಅದರ ಸಿಟ್ಟು ನನಗೆ ಇನ್ನೂ ಇದೆ.

ವಾಪಸ್ ಬಂದ ಮೇಲೆ ಶಾಲೆಗೆ ತೊಂದರೆ ಆಗಲಿಲ್ಲ ಅನ್ನಿ. ಪಶ್ಚಿಮಕ್ಕೆ ಬಂದಾಗ ಮಕ್ಕಳು ಸಂಜೆಯೇ ಬಿದ್ದುಕೊಂಡು ಕೋಳಿ ಕೂಗುವ ಮೊದಲೇ ಏಳುತ್ತಾರೆ. ಮಗಳು ಹೊತ್ತಿಗೆ ಮುಂಚೆಯೇ ಬ್ಯಾಗು ಏರಿಸಿ ಕೂತಿದ್ದಳು.

ಬಂದವರೇ 2025ರ ಕ್ಯಾಲೆಂಡರ್ ನೋಡಿದೆವು. ದೀಪಾವಳಿ ಅಕ್ಟೋಬರ್ 20ರ ಹೊತ್ತಿಗೆ, ಇಲ್ಲಿ ರಜೆ ನವೆಂಬರ್ 3ಕ್ಕೆ. ಆಗದ ಮಾತು. ಆದರೆ ಗಣೇಶ ಚೌತಿ ಆಗಸ್ಟ್ 27ಕ್ಕೆ, ಬೇಸಿಗೆ ರಜೆಯ ಸರಿ ನಡುವೆ ಬಿದ್ದಿತ್ತು. ಟಿಕೆಟ್ ದರ ಮೇಲೇರುತ್ತದೆ, ಮಗನಿಗೆ ಅಷ್ಟೊತ್ತಿಗೆ ಪೂರ್ತಿ ಸೀಟು ಬೇಕು, ಸಾಗರದಲ್ಲಿ ಜಡಿಮಳೆ ಬೇರೆ. ಮಾವನಿಗೆ ಹೇಳಿದರೆ ಮಳೆಯ ಮಾತೇ ಎತ್ತಲಿಲ್ಲ. ಕಾರ್ ಸೀಟು ಎರಡು ತರ್ತೀರೋ ಒಂದೋ, ಮನೆ ಕಾರಿನ ಸೀಟ್ ಕವರು ಈಗಲೇ ತೆಗೆಸಿಡುತ್ತೇನೆ ಅಂದರು.