ಕೆರೆ ಮೇಲಿನ ಮೂರನೇ ತಾಕು: ಟೆಂಟು, ಓಮ್ನಿ, ಮೂರು ರಾತ್ರಿ

ಕೊರಟಗೆರೆ ತಾಲ್ಲೂಕಿನಲ್ಲಿ ನನ್ನ ಸ್ನೇಹಿತನ ಹುಣಸೆ ತೋಪು ಇದೆ. ಮುಂದೆ ಕೆರೆ, ಹಿಂದೆ ಗುಡ್ಡ. ಕೆರೆಯಿಂದ ಗುಡ್ಡದ ಬುಡದವರೆಗೆ ಐದು ತಾಕು, ಮೆಟ್ಟಿಲಿನ ಹಾಗೆ ಒಂದರ ಮೇಲೊಂದು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಈ ತಾಲ್ಲೂಕಿನಲ್ಲೇ ಹರಿಯುತ್ತದೆ. ಈ ಕೆರೆ ಕೋಡಿ ಬಿದ್ದರೆ ಆ ನೀರೂ ಹಳ್ಳ ಹಿಡಿದು ಅದೇ ನದಿ ಸೇರುತ್ತದೆ. 2022ರಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ತುಂಬಿದಾಗ ಇದೂ ಕೋಡಿ ಬಿತ್ತು. ನೋಡಲು ಹೋಗಿದ್ದೆ. ಏರಿ ಮೇಲೆ ನಿಂತಾಗಲೇ ಇಲ್ಲಿ ಒಂದು ರಾತ್ರಿ ಮಲಗಬೇಕು ಅನ್ನಿಸಿತ್ತು.

ಈ ಸಲ ಸ್ನೇಹಿತನೇ ಕೇಳಿದ. ಎರಡು ಟೆಂಟು, ಒಂದು ವ್ಯಾನು ನಿಲ್ಲುವಷ್ಟು ಜಾಗ ಸರಿಮಾಡಿ ಇಡೋಣ, ಪರಿಚಯದವರು ಮಕ್ಕಳನ್ನು ಕರೆದುಕೊಂಡು ಬಂದರೆ ಒಂದು ರಾತ್ರಿ ಇದ್ದು ಹೋಗಲಿ ಅಂತ. ಐದು ತಾಕಿನಲ್ಲಿ ಯಾವುದು ಸರಿ ಅನ್ನೋದನ್ನ ನೀನೇ ಮಲಗಿ ನೋಡಿ ಹೇಳು ಅಂದ. ನವೆಂಬರಿನಿಂದ ಜನವರಿಯೊಳಗೆ ಮೂರು ಸಲ ಹೋಗಿ ಬಂದಿದ್ದೇವೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಗಾಡಿ ಎಷ್ಟರಮಟ್ಟಿಗೆ ತಯಾರಾಯಿತು

ನಮ್ಮದು 8 ಸೀಟಿನ ಹಳೇ ಓಮ್ನಿ. ಮಾರುತಿ 2019ರಲ್ಲಿ ಇದನ್ನು ತಯಾರಿಸುವುದನ್ನೇ ನಿಲ್ಲಿಸಿತು. ಆದರೆ ಇದರ ಹಿಂದಿನ ಎರಡು ಸೀಟು ಎದುರುಬದುರು ಇರುವುದು ಕ್ಯಾಂಪಿಂಗಿಗೆ ಹೇಳಿ ಮಾಡಿಸಿದಂತಿದೆ. ನಡುವಿನ ಕಾಲಿಡುವ ಜಾಗದ ಮೇಲೆ 18 ಎಂಎಂ ಪ್ಲೈವುಡ್ ಹಲಗೆ ಹಾಸಿ, ಕೆಳಗೆ ಎರಡು ಮಡಚುವ ಕಾಲು ಕೊಟ್ಟೆ. ಮೇಲೆ ಹತ್ತಿ ಹಾಸಿಗೆ. ಸೀಟು ಬಿಚ್ಚಿಲ್ಲ, ಗಾಡಿಯ ಬಾಡಿಯಲ್ಲಿ ಒಂದು ತೂತೂ ಕೊರೆದಿಲ್ಲ. ಗಾಡಿಯ ಮೂಲ ರೂಪ ಬದಲಾಯಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು. ಹಲಗೆ ಎತ್ತಿಟ್ಟರೆ ನಮ್ಮ ಓಮ್ನಿ ಮೊದಲಿನ ಓಮ್ನಿಯೇ.

ಹಾಸಿಗೆಯ ಉದ್ದ 4 ಅಡಿ 8 ಇಂಚು ಬಂತು. ದೊಡ್ಡವರಿಗೆ ಸಾಲದು, ಮಕ್ಕಳಿಬ್ಬರಿಗೆ ಆರಾಮಾಗಿ ಸಾಕು. ಹಾಗಾಗಿ ಅವರಿಗೆ ವ್ಯಾನು, ನಮಗಿಬ್ಬರಿಗೆ ಪಕ್ಕದಲ್ಲೇ ಟೆಂಟು.

ಕರೆಂಟಿನ ಲೆಕ್ಕ ಸುಲಭ. 12 ವ್ಯಾಟ್ ಫ್ಯಾನ್ 8 ಗಂಟೆ ಓಡಿದರೆ 96 ವ್ಯಾಟ್‌ಅವರ್. 6 ವ್ಯಾಟಿನ ಎಲ್‌ಇಡಿ 4 ಗಂಟೆಗೆ 24. ಫೋನುಗಳಿಗೆ ಒಂದು 30. ಒಟ್ಟು 150. 12.8 ವೋಲ್ಟಿನ 20 ಎಎಚ್ (ಆಂಪಿಯರ್‌ಅವರ್) ಲಿಥಿಯಂ ಬ್ಯಾಟರಿಯಲ್ಲಿ 256 ಇರುತ್ತದೆ, ಒಂದು ರಾತ್ರಿಗೆ ಧಾರಾಳ. ಗಾಡಿಯ ಬ್ಯಾಟರಿಯನ್ನು ಇದಕ್ಕೆ ಮುಟ್ಟುವುದೇ ಇಲ್ಲ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಬೇಕು ಅಲ್ವಾ?

ಮೊದಲ ರಾತ್ರಿ, ನವೆಂಬರ್: ನೀರಿನ ಅಂಚು

ಸಂಜೆ ಐದಕ್ಕೆ ತಲುಪಿದೆವು. ನೀರಿನೊಳಗೆ ನಿಂತ ಒಣ ಜಾಲಿ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತಿದ್ದವು. ಬೆಳ್ಳಕ್ಕಿ ಹಿಂಡು ಹಿಂಡಾಗಿ ಬಂದು ಕೂರುತ್ತಿದ್ದವು. ದಂಡೆಯಲ್ಲಿ ಹಸಿರು ಹುಲ್ಲು, ಚಾಪೆ ಹಾಸಿದ ಹಾಗೆ ಸಮತಟ್ಟು. ಮಕ್ಕಳು ಇಲ್ಲೇ ಅಂದರು. ನನಗೂ ಅಲ್ಲೇ ಆಸೆ. ನೀರಿನಿಂದ ಹತ್ತು ಹೆಜ್ಜೆಗೆ ಟೆಂಟು ಹಾಕಿದೆ, ಪಕ್ಕದಲ್ಲಿ ವ್ಯಾನು ನಿಲ್ಲಿಸಿದೆ.

ರಾತ್ರಿ ಎರಡಕ್ಕೆ ಎಚ್ಚರ ಆಯಿತು. ಮೊಣಕೈ ಟೆಂಟಿನ ಗೋಡೆಗೆ ತಾಗಿತ್ತು, ತೋಳು ಪೂರ್ತಿ ಒದ್ದೆ. ಟಾರ್ಚ್ ಹಾಕಿದರೆ ಒಳಗಿನ ಬಟ್ಟೆಯ ಮೇಲೆಲ್ಲ ಸಣ್ಣ ಸಣ್ಣ ಹನಿ. ಒಂದನ್ನು ಬೆರಳಿನಿಂದ ಮುಟ್ಟಿದೆ. ಅದು ಪಕ್ಕದ್ದನ್ನು ಸೇರಿಸಿಕೊಂಡು, ಅದು ಇನ್ನೊಂದನ್ನು ಸೇರಿಸಿಕೊಂಡು, ಗೆರೆಯಾಗಿ ಇಳಿದು ಹಾಸಿಗೆಯ ಅಂಚಿಗೆ ಹೋಯಿತು. ಹೊರಗೆ ಮಳೆ ಇಲ್ಲ, ಆಕಾಶದ ತುಂಬ ನಕ್ಷತ್ರ. ಚಳಿ ಮಾತ್ರ ಮೂಳೆಗೆ ಇಳಿಯುವಂತಿತ್ತು. ವ್ಯಾನಿನ ಗಾಜುಗಳೂ ಒಳಗಿನಿಂದ ಬೆವರಿದ್ದವು.

ಬೆಳಿಗ್ಗೆ ಆರಕ್ಕೆ ಊರಿನ ಎಮ್ಮೆಗಳು ನೀರಿಗೆ ಬಂದವು. ನಾವು ಟೆಂಟು ಹಾಕಿದ್ದು ಸರಿಯಾಗಿ ಅವುಗಳ ದಾರಿಯಲ್ಲೇ. ಒಂದು ಎಮ್ಮೆಯ ಕಾಲಿಗೆ ಹಗ್ಗ ಸಿಕ್ಕಿ ಟೆಂಟಿನ ಕಂಬ ಬಾಗಿತು. ಎಮ್ಮೆಗೆ ಏನೂ ಆಗಲಿಲ್ಲ, ಅದೇ ಸಮಾಧಾನ. ಮೇಯಿಸುವ ಅಜ್ಜ ಬೈಯಲಿಲ್ಲ. ಇದು ಕೆರೆ ಅಂಗಳ ಕಣಪ್ಪ, ದನದ ಜಾಗ, ತೋಪು ಆ ಬದುವಿನಿಂದ ಮೇಲಕ್ಕೆ ಅಂತ ಕೋಲಿನಲ್ಲಿ ತೋರಿಸಿದರು. ನನಗೆ ನಿಜವಾಗಿ ಬೇಜಾರಾಯಿತು. ಕೆರೆ ತುಂಬಿದಾಗ ನೀರು ನಿಲ್ಲುವ ನೆಲ ಅದು. ನೀರು ಇಳಿದಾಗ ಹುಲ್ಲು ಬಂದರೆ ದನಕ್ಕೆ. ಅದರಲ್ಲಿ ಮಲಗುವ ಹಕ್ಕು ನಮಗಿಲ್ಲ, ಎಷ್ಟೇ ಚೆಂದ ಇರಲಿ.

ಒದ್ದೆ ಆಗಿದ್ದು ಯಾಕೆ ಅಂತ ಆಮೇಲೆ ಕೂತು ಯೋಚಿಸಿದೆ. ಸಂಜೆ ಆದಮೇಲೆ ನೆಲ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ಗುಡ್ಡದಿಂದ ನೀರಿನ ಹಾಗೇ ಇಳಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಇಡೀ ಜಾಗಕ್ಕೆ ತಗ್ಗು ಅಂದರೆ ಕೆರೆ ದಂಡೆ. ಅದರ ಮೇಲೆ ನೀರಿನ ತೇವ, ನಮ್ಮ ಉಸಿರಿನ ತೇವ. ಚಳಿ ಅಂತ ನಾನು ಟೆಂಟಿನ ಕಿಟಕಿಯನ್ನೂ ಮುಚ್ಚಿದ್ದೆ. ತೇವ ಹೋಗಲು ದಾರಿ ಎಲ್ಲಿದೆ?

ಎರಡನೇ ರಾತ್ರಿ, ಡಿಸೆಂಬರ್: ಗುಡ್ಡದ ಬುಡ, ಆಮೇಲೆ ನಡುವೆ

ಈ ಸಲ ನೇರ ಐದನೇ ತಾಕಿಗೆ ಹೋದೆವು. ಮೇಲೆ ಹೋದಷ್ಟೂ ಒಳ್ಳೆಯದು ಅನ್ನೋ ಲೆಕ್ಕ. ದೊಡ್ಡ ಹಾಸುಬಂಡೆ ಇದೆ ಅಲ್ಲಿ. ಹಗಲೆಲ್ಲ ಬಿಸಿಲು ಕುಡಿದು ಸಂಜೆ ಏಳಕ್ಕೂ ಬೆಚ್ಚಗಿರುತ್ತದೆ. ಕೆರೆ ಪೂರ್ತಿ ಕಾಣುತ್ತದೆ.

ಆದರೆ ಗೂಟ ಇಳಿಯಲಿಲ್ಲ. ಅರ್ಧ ಅಡಿ ಕೆಳಗೆ ಗರಸು, ಅದರ ಕೆಳಗೆ ಬಂಡೆ. ಟೆಂಟಿನ ಜೊತೆ ಬಂದ ಅಲ್ಯೂಮಿನಿಯಂ ಗೂಟಗಳು ಎರಡು ಏಟಿಗೆ ಬಾಗಿದವು. ಕಲ್ಲು ಹುಡುಕಲು ಹೋದ ಹೆಂಡತಿ ಸುಮ್ನೆ ನಿಂತು ನನ್ನನ್ನು ಕರೆದಳು. ಬಂಡೆಯ ಪಕ್ಕ ಕರಡಿಯ ಹಿಕ್ಕೆ. ಒಳಗೆ ಹಣ್ಣಿನ ಬೀಜ ಇತ್ತು, ಗೆದ್ದಲಿನ ಚೂರು ಇತ್ತು. ತೀರಾ ಹೊಸದಲ್ಲ, ಹಾಗಂತ ಹಳೆಯದೂ ಅಲ್ಲ.

ಈ ಸೀಮೆಯ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ದೇವರಾಯನದುರ್ಗದ ಕಾಡಿನೊಳಗೆ ಟೆಂಟು ಹಾಕುವ ಮಾತು ಬಂದಾಗಲೆಲ್ಲ ನಾನು ಬೇಡ ಅನ್ನುವುದೂ ಇದಕ್ಕೇ. ಅರಣ್ಯದೊಳಗೆ ಅನುಮತಿ ಇಲ್ಲದೆ ರಾತ್ರಿ ಉಳಿಯುವ ಹಾಗಿಲ್ಲ, ಉಳಿಯಲೂಬಾರದು. ಗುಡ್ಡದ ಪ್ರಾಣಿಗಳು ಕೆರೆಗೆ ಇಳಿಯುವುದು ರಾತ್ರಿಯೇ. ಕೆಳಗೆ ದನದ ದಾರಿ ಇದ್ದ ಹಾಗೆ ಮೇಲೆ ಇವುಗಳ ದಾರಿ. ಕತ್ತಲಾಗುವ ಮೊದಲು ಎಲ್ಲ ಕಟ್ಟಿಕೊಂಡು ಇಳಿದೆವು.

ಮೂರನೇ ತಾಕಿಗೆ ಬಂದಾಗ ಆರೂವರೆ. ಜಾಗ ನೋಡಲು ಪುರುಸೊತ್ತಿಲ್ಲ. ಗಾಡಿ ಸ್ವಲ್ಪ ಎಡಕ್ಕೆ ವಾಲಿತ್ತು, ಪರವಾಗಿಲ್ಲ ಅಂದುಕೊಂಡೆ. ರಾತ್ರಿಯೆಲ್ಲ ದೊಡ್ಡವನು ಚಿಕ್ಕವಳ ಮೇಲೆ ಉರುಳುತ್ತಿದ್ದ. ಬೆಳಿಗ್ಗೆ ಇಬ್ಬರ ಮುಖವೂ ಊದಿತ್ತು.

ಆದರೂ ಈ ರಾತ್ರಿ ಒಂದು ಒಳ್ಳೆ ಕೆಲಸ ಮಾಡಿದ್ದೆ. ಎರಡು ಥರ್ಮಾಮೀಟರ್ ತಂದಿದ್ದೆ. ಒಂದನ್ನು ನೀರಿನ ಹತ್ತಿರ ಜಾಲಿ ಕೊಂಬೆಗೆ ಕಟ್ಟಿದೆ, ಇನ್ನೊಂದು ನಮ್ಮ ಟೆಂಟಿನ ಹೊರಗೆ. ಬೆಳಿಗ್ಗೆ ಐದೂವರೆಗೆ ಕೆಳಗೆ 13 ಡಿಗ್ರಿ, ಮೇಲೆ 16. ನಡುವೆ ಇರುವುದು ಬರೀ 120 ಹೆಜ್ಜೆ, ಎತ್ತರದಲ್ಲಿ ಮೂರಾಳು. ಕಿಟಕಿ ಎರಡೂ ತೆರೆದಿಟ್ಟಿದ್ದರಿಂದ ಟೆಂಟಿನ ಒಳಗೆ ಕೈ ಆಡಿಸಿದರೆ ಒಂದು ಹನಿ ಇಲ್ಲ. ಖುಷಿಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ಮೂರನೇ ರಾತ್ರಿ, ಜನವರಿ: ಟ್ಯೂಬು, ಗೂಟ, ಅವರೆಕಾಯಿ

ಈ ಸಲ ಬೆಳಿಗ್ಗೆಯೇ ಹೋದೆವು. ಲೆವೆಲ್ ನೋಡಲು ಗಾರೆ ಕೆಲಸದವರ ಉಪಾಯ: 30 ಅಡಿ ಪಾರದರ್ಶಕ ಟ್ಯೂಬು, ಒಳಗೆ ನೀರು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಂದು ತುದಿ ಮಗನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ವ್ಯಾನು ನಿಂತಿದ್ದ ಜಾಗದಲ್ಲಿ ಎಡ ಚಕ್ರ ಬಲಕ್ಕಿಂತ 4 ಇಂಚು ಕೆಳಗಿತ್ತು. ಹತ್ತಡಿ ಪಕ್ಕಕ್ಕೆ ಹೋದರೆ ಒಂದೇ ಇಂಚು. ಅಲ್ಲಿಗೆ ಸರಿಸಿ, ಎಡ ಚಕ್ರಗಳ ಕೆಳಗೆ ಒಂದೊಂದು ಹಲಗೆ ಕೊಟ್ಟು, ನಾಲ್ಕಕ್ಕೂ ಕಲ್ಲು ಒತ್ತಿದೆವು. ಹಾಸಿಗೆಯ ಮೇಲೆ ಗೋಲಿ ಇಟ್ಟು ಮಗಳು ಪರೀಕ್ಷೆ ಮಾಡಿದಳು. ಉರುಳಲಿಲ್ಲ.

ಗೂಟಕ್ಕೆ ವೆಲ್ಡಿಂಗ್ ಅಂಗಡಿಯಲ್ಲಿ 8 ಎಂಎಂ ಕಬ್ಬಿಣದ ಸರಳು ಕತ್ತರಿಸಿ, ತಲೆ ಬಗ್ಗಿಸಿ ತಂದಿದ್ದೆ. ಒಂದೊಂದು ಒಂದಡಿ. ಮೂರನೇ ತಾಕಿನ ಕೆಂಪು ಮಣ್ಣಿಗೆ ಚೆನ್ನಾಗಿ ಹಿಡಿಯುತ್ತವೆ. ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆಯಬೇಕು. ಗಟ್ಟಿ ನೆಲ ಸಿಕ್ಕ ಒಂದು ಕಡೆ, ಹುಣಸೆ ಕೊಂಬೆಯ ತುಂಡಿಗೆ ಹಗ್ಗ ಕಟ್ಟಿ ಒಂದಡಿ ಗುಂಡಿಯಲ್ಲಿ ಅಡ್ಡ ಹೂತು ಮಣ್ಣು ತುಳಿದೆ. ಇಬ್ಬರು ಎಳೆದರೂ ಬರಲಿಲ್ಲ.

ಹುಣಸೆ ಮರದ ಕೆಳಗೆ ರಾತ್ರಿ ಮಲಗಬಾರದು ಅಂತ ಅತ್ತೆ ಪ್ರತಿ ಸಲ ಹೇಳಿ ಕಳಿಸುತ್ತಾರೆ. ಆ ಮಾತನ್ನು ಪಾಲಿಸಿದೆ. ಹಳೇ ಮರದಲ್ಲಿ ಒಣ ಕೊಂಬೆ ಇರುತ್ತದೆ, ಇಬ್ಬನಿಯೂ ಎಲೆಯಿಂದ ಬೆಳಗಿನವರೆಗೆ ತೊಟ್ಟಿಕ್ಕುತ್ತದೆ. ಕೊಂಬೆಗಳ ಅಂಚಿನಿಂದ ಹೊರಗೆ, ಪೂರ್ವಕ್ಕೆ ಟೆಂಟು ಹಾಕಿದರೆ ಎಂಟು ಗಂಟೆಗೆಲ್ಲ ಬಿಸಿಲಿಗೆ ಒಣಗುತ್ತದೆ. ಮಧ್ಯಾಹ್ನ ನೆರಳು ಬೇಕಾದಾಗ ಮರ ಪಕ್ಕದಲ್ಲೇ ಇದೆ.

ಕಕ್ಕಸಿಗೆ ನೀರಿನಿಂದ 200 ಅಡಿಗಿಂತ ದೂರ, ನಾಲ್ಕನೇ ತಾಕಿನ ಮೂಲೆಯಲ್ಲಿ ಗುಂಡಿ ತೋಡಿ, ಸುತ್ತ ನೆರಳುಬಲೆ ಕಟ್ಟಿದೆವು. ಪ್ರತಿ ಸಲವೂ ಒಂದು ಚಿಪ್ಪು ಮಣ್ಣು. ಪಾತ್ರೆ ತೊಳೆಯಲು, ಕುಡಿಯಲು ಮನೆಯಿಂದಲೇ 20 ಲೀಟರಿನ ಎರಡು ಕ್ಯಾನ್. ಕೆರೆಗೆ ಸೋಪು ಮುಟ್ಟಿಸುವುದಿಲ್ಲ.

ಸಂಜೆ ಅಡುಗೆ. ಸ್ನೇಹಿತನ ಹೊಲದ ಅವರೆಕಾಯಿ, ಬೆಳಿಗ್ಗೆ ಇಬ್ಬನಿಯಲ್ಲೇ ಕಿತ್ತದ್ದು. ಅದರ ಸೊಗಡು ಏನು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮಕ್ಕಳು ಬಂಡೆ ಮೇಲೆ ಕೂತು ಸುಲಿದರು. ಕಾಯಿಯ ಸೊನೆ ಬೆರಳಿಗೆ ಅಂಟಿ, ತೊಳೆದರೂ ಘಮ ಹೋಗಲಿಲ್ಲ. 5 ಕೆಜಿ ಸಿಲಿಂಡರಿನ ಒಲೆಗೆ ಮೂರು ಕಡೆ ಕಲ್ಲು ಜೋಡಿಸಿ ಗಾಳಿ ತಡೆದೆವು. ಹೆಂಡತಿ ಮುದ್ದೆ ತೊಳಸಿದಳು, ನಾನು ಪಾತ್ರೆ ಹಿಡಿದೆ. ಬಿಸಿ ಮುದ್ದೆ, ಅವರೆಕಾಳು ಸಾರು, ಕೆಳಗೆ ಕತ್ತಲಾಗುತ್ತಿರುವ ನೀರು. ನಾಲ್ಕೂ ಜನ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಒಲೆ ಯಾವಾಗಲೂ ಟೆಂಟಿನಿಂದ ದೂರ, ಬಯಲಿನಲ್ಲೇ. ಚಳಿ ಜಾಸ್ತಿ ಆಯಿತು ಅಂತ ಇದ್ದಿಲಿನ ಬಾಣಲೆಯನ್ನು ಟೆಂಟಿನೊಳಗೋ ವ್ಯಾನಿನೊಳಗೋ ಇಟ್ಟುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಇನ್ನೊಂದು ಕಂಬಳಿ ತನ್ನಿ. ಬೆನ್ನ ಕೆಳಗೆ ದಪ್ಪ ಹಾಸಿ. ಅರ್ಧ ಚಳಿ ನೆಲದಿಂದಲೇ ಬರುವುದು. ಊಟ ಮುಗಿದ ಮೇಲೆ ಉಳಿದದ್ದು, ಬೆಲ್ಲ, ಬಾಳೆಹಣ್ಣು ಎಲ್ಲ ಡಬ್ಬಿಗೆ ಹಾಕಿ ಮುಚ್ಚಿ ಸ್ನೇಹಿತನ ಪಂಪ್‌ಹೌಸಿನಲ್ಲಿಟ್ಟು ಬೀಗ ಹಾಕಿದೆವು. ವಾಸನೆ ಹಿಡಿದು ಕರಡಿ ಬರಬಾರದು, ಮಕ್ಕಳು ಮಲಗಿದ ಗಾಡಿಯ ಹತ್ತಿರವಂತೂ ಬರಲೇಬಾರದು.

ಆ ರಾತ್ರಿ ಯಾರೂ ಏಳಲಿಲ್ಲ. ಬೆಳಿಗ್ಗೆ ನೋಡಿದರೆ ಕೆರೆ ಕಾಣುತ್ತಿಲ್ಲ. ಎರಡನೇ ತಾಕಿನ ಬದುವಿನವರೆಗೆ ಮಂಜು ತುಂಬಿ, ಹಾಲು ಹುಯ್ದ ಬಟ್ಟಲಿನಂತೆ ನಿಂತಿತ್ತು. ನಾವಿದ್ದ ಕಡೆ ಬಿಸಿಲು. ನವೆಂಬರಿನಲ್ಲಿ ನಾವು ಮಲಗಿದ್ದು ಆ ಮಂಜಿನ ತಳದಲ್ಲಿ. ಮಗ ಅದನ್ನೇ ಬೆರಳು ಮಾಡಿ ತಂಗಿಗೆ ತೋರಿಸುತ್ತಿದ್ದ.

ಈಗ ಎಲ್ಲಿಗೆ ಬಂದಿದೆ

ಮೂರನೇ ತಾಕು ಅಂತ ಸ್ನೇಹಿತನಿಗೆ ಹೇಳಿಯಾಯಿತು. ಎರಡು ಟೆಂಟಿಗೆ 12 ಅಡಿ ಚೌಕದ ಎರಡು ಜಾಗ, ವ್ಯಾನಿಗೆ 20 ಅಡಿ ಉದ್ದ 10 ಅಡಿ ಅಗಲ. ಓಮ್ನಿಗೆ ಅಷ್ಟು ಬೇಡ, ಆದರೆ ಟೆಂಪೋ ಟ್ರಾವೆಲರ್‌ನಲ್ಲಿ ಕ್ಯಾರವಾನ್ ಮಾಡಿಸಿಕೊಂಡವರು ಬಂದರೆ ನಿಲ್ಲಬೇಕಲ್ಲ. ಅಂಥ ದೊಡ್ಡ ಗಾಡಿ ತಿರುಗಲು ಗೇಟಿನ ಹತ್ತಿರದ ತಿರುವು ಇನ್ನೂ ಸಾಲದು. ಎರಡು ಲೋಡು ಗರಸು ಹಾಕಿಸಬೇಕು.

ಸುಣ್ಣದಲ್ಲಿ ಗುರುತು ಹಾಕಿದ್ದೆ, ಸ್ನೇಹಿತ ಬೇಡ ಅಂದ. ಫೆಬ್ರವರಿಯಲ್ಲಿ ಹುಣಸೆ ಬಡಿಯಲು ಶುರು. ನೆಲ ಗುಡಿಸಿ ಹಣ್ಣು ಆಯುವಾಗ ಸುಣ್ಣ ಹಣ್ಣಿಗೆ ಹತ್ತುತ್ತದೆ. ಅದಕ್ಕೇ ಮೂಲೆ ಮೂಲೆಗೆ ಕಲ್ಲು ನೆಟ್ಟೆವು. ಕೊಯ್ಲು ಮುಗಿಯುವವರೆಗೆ, ಅಂದರೆ ಯುಗಾದಿವರೆಗೆ, ಟೆಂಟು ಇಲ್ಲ.

ವ್ಯಾನಿನ ಜಾಗದಲ್ಲಿ ಒಂದು ಜೋಡಿ ಟಿಟ್ಟಿಭ ಓಡಾಡುತ್ತಿದ್ದವು. ಬೋಳು ನೆಲದಲ್ಲಿ, ನಾಲ್ಕು ಹರಳು ಜೋಡಿಸಿಕೊಂಡು, ಬೇಸಿಗೆ ಶುರುವಿನಲ್ಲಿ ಮೊಟ್ಟೆ ಇಡುವ ಹಕ್ಕಿ ಅದು. ಮಾರ್ಚಿನಲ್ಲಿ ಒಮ್ಮೆ ಹೋಗಿ ನೋಡಿಕೊಂಡು ಬರುತ್ತೇನೆ. ಮೊಟ್ಟೆ ಕಂಡರೆ ವ್ಯಾನಿನ ಜಾಗ 40 ಅಡಿ ಪೂರ್ವಕ್ಕೆ ಹೋಗುತ್ತದೆ. ಅಲ್ಲಿಗೂ ಟ್ಯೂಬು ಹಿಡಿದು ನೋಡಿದ್ದೇವೆ, ಇಳಿಜಾರು ಒಂದೂವರೆ ಇಂಚು.