ರ‍್ಯಾಮ್ ಹಾಕಿಸಿದರೆ ಗೇಮ್ ಓಡುತ್ತಾ? ಸರ್ವಿಸ್ ಟೇಬಲ್ ಕಲಿಸಿದ ಲೆಕ್ಕ

ಹಾಸನದಲ್ಲಿ ಲ್ಯಾಪ್‌ಟಾಪ್ ಸರ್ವಿಸ್ ಟೇಬಲ್‌ಗೆ ಇಂಜಿನಿಯರಿಂಗ್ ಹುಡುಗರು ತರುವ ಬೇಡಿಕೆ ಹೆಚ್ಚುಕಡಿಮೆ ಒಂದೇ: "ಅಣ್ಣ, ಇನ್ನೊಂದು ಎಂಟು ಜಿಬಿ ಹಾಕ್ಕೊಟ್ಬಿಡಿ, ಗೇಮ್ ಹ್ಯಾಂಗ್ ಆಗ್ತದೆ." ಹಾಕಿಕೊಡುವುದು ಕಾಲು ಗಂಟೆಯ ಕೆಲಸ. ಹಾಕಿದ ಮೇಲೂ ಗೇಮ್ ಹಾಗೇ ತೆವಳಿದರೆ ಮಾತ್ರ ಆ ದುಡ್ಡು ದಂಡ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳೆಲ್ಲ ಎಐ ಸರ್ವರ್‌ಗಳ ಕಡೆ ಹೋಗುತ್ತಾ ರ‍್ಯಾಮ್ ರೇಟು ಏರಿ ಕೂತಿದೆ, ದಂಡವೂ ಸಣ್ಣದಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಫೋನ್ ಮಾಡಿ ಮಾಲು ತರಿಸುವ ಮೊದಲು ಗೇಮ್ ಓಡಿಸಿ ನೋಡುವುದು ಈ ಕೆಲಸದ ಮೊದಲ ಪಾಠ.

ಗಿರಾಕಿಯನ್ನು ಕೇಳಬೇಕಾದ್ದು, ಹ್ಯಾಂಗ್ ಆಗುವುದು ಯಾವಾಗ, ಹೇಗೆ ಅಂತ. ಶುರುವಿನಿಂದ ಕೊನೆಯವರೆಗೂ ಎಫ್‌ಪಿಎಸ್ (ಪರದೆಯ ಮೇಲೆ ಸೆಕೆಂಡಿಗೆ ಮೂಡುವ ಫ್ರೇಮ್‌ಗಳ ಸಂಖ್ಯೆ) ಕಡಿಮೆಯೇ ಇದ್ದರೆ ಅದು ಸಾಮಾನ್ಯವಾಗಿ ಗ್ರಾಫಿಕ್ಸ್ ಶಕ್ತಿಯ ಕೊರತೆ. ಚೆನ್ನಾಗಿ ಓಡುತ್ತಾ ಓಡುತ್ತಾ ಹೊಸ ಏರಿಯಾ ಬಂದ ತಕ್ಷಣ ಗಕ್ಕನೆ ನಿಂತು ಮತ್ತೆ ಹೊರಡುತ್ತದೆ ಅಂದರೆ ರ‍್ಯಾಮ್ ಮೇಲೆ ಅನುಮಾನ ಪಡಬಹುದು. ಹತ್ತು ಹದಿನೈದು ನಿಮಿಷ ಸರಿಯಾಗಿದ್ದು ಆಮೇಲೆ ಬಿದ್ದುಹೋದರೆ ಬಿಸಿ. ಲೋಡಿಂಗೇ ಮುಗಿಯದಿದ್ದರೆ ಒಳಗೆ ಇನ್ನೂ ಹಳೆಯ 5400 ಆರ್‌ಪಿಎಂ ಹಾರ್ಡ್ ಡಿಸ್ಕ್ ಇರುವ ಸಾಧ್ಯತೆ ಹೆಚ್ಚು. ಅಂಥ ಯಂತ್ರಕ್ಕೆ ರ‍್ಯಾಮ್‌ಗಿಂತ ಮೊದಲು ಎಸ್‌ಎಸ್‌ಡಿ ಹಾಕಿಸಬೇಕು, ಅದರಲ್ಲಿ ಎರಡು ಮಾತಿಲ್ಲ.

ಮಾತಿನಲ್ಲಿ ತಿಳಿದದ್ದನ್ನು ಕಣ್ಣಾರೆ ನೋಡಲು ಟಾಸ್ಕ್ ಮ್ಯಾನೇಜರ್ ಸಾಕು. ಹುಡುಗ ಮನೆಯಲ್ಲಿ ಹೇಗೆ ಆಡುತ್ತಾನೋ ಹಾಗೇ, ಹಿಂದೆ ಕ್ರೋಮ್, ಡಿಸ್ಕಾರ್ಡ್ ಎಲ್ಲ ತೆರೆದಿಟ್ಟು, ಚಾರ್ಜರ್ ಹಾಕಿ, ಇಪ್ಪತ್ತು ನಿಮಿಷ ಆಡಲು ಬಿಡಬೇಕು. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ನೋಡಬೇಕು. ಬರೀ ಶೇಕಡಾವಾರು ನೋಡಿದರೆ ಮೋಸ ಹೋಗುತ್ತೀರಿ. ಕೆಳಗೆ 'ಕಮಿಟೆಡ್' ಅಂತ ಒಂದು ಅಂಕಿ ಇದೆ, ತೆರೆದ ಪ್ರೋಗ್ರಾಂಗಳೆಲ್ಲ ಸೇರಿ ಕೇಳಿಟ್ಟ ಒಟ್ಟು ಮೆಮೊರಿ ಅದು, ಅದೇ ಮುಖ್ಯ. 8 ಜಿಬಿ ಯಂತ್ರದಲ್ಲಿ ಬಳಕೆ 90ರ ಮೇಲಿದ್ದು, ಕಮಿಟೆಡ್ 12-13 ಜಿಬಿ ತೋರಿಸಿ, ಗೇಮ್ ನಿಂತ ಕ್ಷಣಕ್ಕೇ ಡಿಸ್ಕ್ ಗ್ರಾಫ್ ಕೂಡ ಜಿಗಿದಿದ್ದರೆ, ವಿಂಡೋಸ್ ರ‍್ಯಾಮ್ ಸಾಲದೆ ಡಿಸ್ಕ್‌ನಲ್ಲಿರುವ ಪೇಜ್ ಫೈಲ್‌ಗೆ ಎತ್ತಿಹಾಕುತ್ತಿದೆ. ಇಂಥ ಕಡೆ ರ‍್ಯಾಮ್ ಹಾಕಿದರೆ ವ್ಯತ್ಯಾಸ ಗ್ಯಾರಂಟಿ. ಬಳಕೆ 60-70ರಲ್ಲೇ ಇದ್ದು ಜಿಪಿಯು (ಗ್ರಾಫಿಕ್ಸ್ ಚಿಪ್) 97-99ಕ್ಕೆ ಅಂಟಿಕೊಂಡಿದ್ದರೆ 64 ಜಿಬಿ ಹಾಕಿದರೂ ಎಫ್‌ಪಿಎಸ್ ಕದಲುವುದು ಕಷ್ಟ.

ಅದೇ ಪುಟದಲ್ಲಿ ಇನ್ನೊಂದು ಪುಕ್ಕಟೆ ರಿಪೇರಿ ಸಿಗುತ್ತದೆ. ಎರಡು ಜಿಪಿಯು ಇರುವ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಓಡುವಾಗ ಎನ್‌ವಿಡಿಯಾ ಸುಮ್ಮನೆ ಮಲಗಿದ್ದು ಇಂಟೆಲ್ ಒಂದೇ ದುಡಿಯುತ್ತಿರುವುದು ಕಂಡರೆ, ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಒಳಗೆ ಗ್ರಾಫಿಕ್ಸ್‌ಗೆ ಹೋಗಿ ಆ ಗೇಮ್‌ಗೆ 'ಹೈ ಪರ್ಫಾರ್ಮೆನ್ಸ್' ಆರಿಸಿ ಕಳಿಸಿಬಿಡಿ. ಎಮ್ಯುಲೇಟರ್‌ನಲ್ಲಿ ಮೊಬೈಲ್ ಗೇಮ್ ಆಡುವವರದೂ ಇಂಥದ್ದೇ ಕಥೆ: ಬಯೋಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ಸೆಟಪ್) ವರ್ಚುವಲೈಸೇಶನ್ ಅನ್ನುವ ಆಯ್ಕೆ ಆಫ್ ಇದ್ದರೆ ಎಷ್ಟು ರ‍್ಯಾಮ್ ಇದ್ದರೂ ಎಮ್ಯುಲೇಟರ್ ಕುಂಟುತ್ತದೆ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಗಳಲ್ಲಿ ಗಿರಾಕಿಗೆ ಬಿಡಿಸಿ ಹೇಳಲೇಬೇಕಾದ ವಿಷಯವೊಂದಿದೆ. ಆ ಕಾರ್ಡಿಗೆ ಅದರದೇ ಮೆಮೊರಿ ಇರುತ್ತದೆ, ಅದು ಬೋರ್ಡಿಗೆ ಬೆಸುಗೆಯಾಗಿರುತ್ತದೆ, ನಾವು ಹಾಕುವ ರ‍್ಯಾಮ್ ಸ್ಟಿಕ್‌ನಿಂದ ಅದು ಬೆಳೆಯುವುದಿಲ್ಲ. ಜಿಟಿಎಕ್ಸ್ 1650, ಆರ್‌ಟಿಎಕ್ಸ್ 2050, ಆರ್‌ಟಿಎಕ್ಸ್ 3050ರ 4 ಜಿಬಿ ಮಾದರಿಗಳು ನಮ್ಮ ಕಡೆ ಕಾಲೇಜು ಹುಡುಗರ ಬಳಿ ಹೆಚ್ಚು. ಗೇಮ್‌ನಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರದ ಗುಣಮಟ್ಟ) ಹೈ ಇಟ್ಟರೆ ಆ 4 ಜಿಬಿ ತುಂಬಿ, ಮಿಕ್ಕಿದ್ದು ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಮುಖ್ಯ ರ‍್ಯಾಮ್‌ಗೆ ಹರಿಯುತ್ತದೆ. ಆರ್‌ಟಿಎಕ್ಸ್ 3050ರ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 192 ಜಿಬಿಯ ಆಸುಪಾಸು. ಪಿಸಿಐ ಎಕ್ಸ್‌ಪ್ರೆಸ್ 3.0ರ 16 ಲೇನ್ ಪೂರ್ತಿ ಸಿಕ್ಕರೂ ಸುಮಾರು 16 ಜಿಬಿ. ಅಷ್ಟು ಅಂತರ ಇರುವಾಗ ಗೇಮ್ ಜರ್ಕ್ ಹೊಡೆಯದೆ ಏನು ಮಾಡೀತು? ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ 'ಡೆಡಿಕೇಟೆಡ್' 3.8ಕ್ಕೆ ಮುಟ್ಟಿ 'ಶೇರ್ಡ್' ಒಂದೂವರೆ, ಎರಡು ಜಿಬಿ ದಾಟಿದ್ದರೆ 'ಟೆಕ್ಸ್ಚರ್ ಒಂದು ಹಂತ ಇಳಿಸಿ' ಅಂತಷ್ಟೇ ಹೇಳುವುದು ಪ್ರಾಮಾಣಿಕ ಸಲಹೆ.

ಇಂಥ ಯಂತ್ರದಲ್ಲಿ 8ರಿಂದ 16 ಜಿಬಿಗೆ ಹೋದಾಗ ಸರಾಸರಿ ಎಫ್‌ಪಿಎಸ್ ಹೆಚ್ಚೇನೂ ಏರದಿರಬಹುದು. ಏರುವುದು '1% ಲೋ', ಅಂದರೆ ತೀರಾ ನಿಧಾನವಾಗಿ ಬಂದ ಫ್ರೇಮ್‌ಗಳ ಲೆಕ್ಕ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶ ಹಾಕಿದರೆ ಎರಡೂ ಅಂಕಿ ಪರದೆಯ ಮೂಲೆಯಲ್ಲೇ ಕಾಣುತ್ತವೆ. ಆಡುವವನ ಕೈಗೆ ಗೊತ್ತಾಗುವುದು ಈ ಎರಡನೆಯ ಅಂಕಿಯೇ.

ಸ್ವಂತ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳ ಲೆಕ್ಕ ಪೂರ್ತಿ ಬೇರೆ, ರ‍್ಯಾಮ್ ಹಾಕಿದ್ದಕ್ಕೆ ನಿಜವಾದ ಫಲ ಸಿಗುವುದು ಇಲ್ಲೇ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮುಖ್ಯ ರ‍್ಯಾಮ್ ಅನ್ನೇ ಬಳಸುತ್ತದೆ, ಆದ್ದರಿಂದ ರ‍್ಯಾಮ್ ವೇಗವೇ ಗ್ರಾಫಿಕ್ಸ್ ವೇಗ. ಡಿಡಿಆರ್4 (ರ‍್ಯಾಮ್‌ನ ತಲೆಮಾರು) 3200 ವೇಗದ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡು ಸ್ಟಿಕ್ ಎರಡು ಚಾನಲ್‌ನಲ್ಲಿ (ಪ್ರೊಸೆಸರ್‌ಗೆ ಹೋಗುವ ಬೇರೆ ಬೇರೆ ದಾರಿ) ಕೂತರೆ 51.2. ಡಿಡಿಆರ್5 4800ರಲ್ಲಿ 38.4 ಮತ್ತು 76.8. ಕಂಪನಿಗಳು ಖರ್ಚು ಉಳಿಸಲು 8 ಜಿಬಿಯ ಒಂದೇ ಸ್ಟಿಕ್ ಹಾಕಿ ಮಾರುವುದೇ ಹೆಚ್ಚು. ಎರಡನೇ ಸ್ಲಾಟ್‌ಗೆ ಅದೇ ಅಳತೆಯ ಇನ್ನೊಂದು ಕೂರಿಸಿದರೆ ಎಫ್‌ಪಿಎಸ್ ಮೂರನೇ ಒಂದು ಭಾಗದಷ್ಟು, ಕೆಲವು ಗೇಮ್‌ಗಳಲ್ಲಿ ಅದಕ್ಕೂ ಹೆಚ್ಚು ಏರುವುದು ಮಾಮೂಲು. ಇಲ್ಲಿ ಕೆಲಸ ಮಾಡಿದ್ದು ಜಿಬಿ ಅಲ್ಲ, ಚಾನಲ್. 8 ಜಿಬಿ ತೆಗೆದು 16ರ ಒಂದೇ ಸ್ಟಿಕ್ ಹಾಕಿಸಿಕೊಂಡವನಿಗೆ ಈ ಲಾಭ ಇಲ್ಲ.

ಇಂಟೆಲ್‌ನ 11ನೇ ತಲೆಮಾರಿನ ಐ5-1135ಜಿ7 ಇದ್ದ ಯಂತ್ರದಲ್ಲಿ ಇದನ್ನು ಕಣ್ಣಿಂದಲೇ ನೋಡಬಹುದು. ಒಂದು ಸ್ಟಿಕ್ ಇದ್ದಾಗ ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಹೆಸರು 'ಯುಎಚ್‌ಡಿ' ಅಂತ ಇರುತ್ತದೆ. ಎರಡನೆಯದು ಹಾಕಿ ಆನ್ ಮಾಡಿದರೆ ಅದೇ ಚಿಪ್ 'ಐರಿಸ್ ಎಕ್ಸ್‌ಇ' ಆಗಿಬಿಡುತ್ತದೆ. ಗಿರಾಕಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ರೈಜನ್ ಯಂತ್ರಗಳಲ್ಲಿ ಇನ್ನೊಂದು ತಾಪತ್ರಯ: ಬಯೋಸ್‌ನಲ್ಲಿ ಗ್ರಾಫಿಕ್ಸ್‌ಗೆ 2 ಜಿಬಿ ಎತ್ತಿಟ್ಟಿದ್ದರೆ 8 ಜಿಬಿಯಲ್ಲಿ ವಿಂಡೋಸ್‌ಗೆ ಸಿಗುವುದು 5.9ರ ಸುತ್ತಮುತ್ತ. ಅದರಲ್ಲಿ ವಿಂಡೋಸ್ 11 ತಾನೇ ಮೂರು, ಮೂರೂವರೆ ನುಂಗಿದರೆ ಗೇಮ್‌ಗೆ ಉಳಿಯುವುದೆಷ್ಟು ಲೆಕ್ಕ ಹಾಕಿ.

ಎಷ್ಟು ಬೇಕು ಅನ್ನುವುದು ಆಡುವ ಗೇಮ್ ಮೇಲೆ. ವ್ಯಾಲರಂಟ್ 4 ಜಿಬಿ ಕೇಳುತ್ತದೆ, ಕೌಂಟರ್ ಸ್ಟ್ರೈಕ್ 2 ಕೇಳುವುದು 8, ಹಾಗ್ವಾರ್ಟ್ಸ್ ಲೆಗಸಿ 16. ಫ್ಲೈಟ್ ಸಿಮ್ಯುಲೇಟರ್ 2024ಕ್ಕೆ 32 ಇದ್ದರೆ ಒಳ್ಳೆಯದು ಅಂತ ತಯಾರಕರೇ ಹೇಳುತ್ತಾರೆ. ಹೆಚ್ಚಿನವರಿಗೆ ಎಂಟೆಂಟರ ಎರಡು ಸಾಕು. ವಿಡಿಯೋ ಎಡಿಟಿಂಗೋ, ಗೇಮ್‌ಗೆ ಹೊರಗಿನಿಂದ ಸೇರಿಸುವ ರಾಶಿ ಮಾಡ್‌ಗಳೋ ಇಲ್ಲದಿದ್ದರೆ 16ರಿಂದ 32ಕ್ಕೆ ಹೋಗುವುದು ಈ ರೇಟಿನಲ್ಲಿ ದುಂದು.

ಇನ್ನು ಮಾಲು ಆರಿಸುವುದು. ಮೊದಲು ಹಾಕಲು ಜಾಗ ಇದೆಯಾ ಅಂತ ನೋಡಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ 'ಫಾರ್ಮ್ ಫ್ಯಾಕ್ಟರ್' ಎದುರು 'ಎಸ್‌ಓಡಿಐಎಂಎಂ' ಅಂತಿದ್ದರೆ ಸ್ಲಾಟ್ ಇದೆ. 'ರೋ ಆಫ್ ಚಿಪ್ಸ್' ಅಂತಿದ್ದರೆ ಬೆಸುಗೆ. 'ಸ್ಲಾಟ್ಸ್ ಯೂಸ್ಡ್' ಅನ್ನುವ ಸಾಲನ್ನು ಪೂರ್ತಿ ನಂಬಬೇಡಿ, ಬೆಸುಗೆಯ ಮೆಮೊರಿಯನ್ನೂ ಕೆಲವು ಬಯೋಸ್ ಸ್ಲಾಟ್ ಅಂತಲೇ ತೋರಿಸುತ್ತವೆ. ಎಲ್‌ಪಿಡಿಡಿಆರ್ ಅಂತ ಕಂಡರೆ ಅದು ಸಾಮಾನ್ಯವಾಗಿ ಬೋರ್ಡಿಗೇ ಕೂತಿರುವಂಥದ್ದು, ಗಿರಾಕಿಗೆ ಕೈಮುಗಿದು ಕಳಿಸಬೇಕು. ಡಿಡಿಆರ್3, 4, 5ರ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಬದಲು ಇನ್ನೊಂದು ಕೂರುವುದಿಲ್ಲ. ಎಡವುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಎರಡರ ಕಚ್ಚೂ ಒಂದೇ, ವೋಲ್ಟೇಜ್ ಮಾತ್ರ 1.5 ಮತ್ತು 1.35. ಎಲ್ ಬೇಡುವ ಯಂತ್ರಕ್ಕೆ 1.5ರ ಸ್ಟಿಕ್ ಹಾಕಬಾರದು.

ವೇಗದ ವಿಷಯದಲ್ಲಿ ಕವರ್ ಮೇಲಿನ ಅಂಕಿ ನೋಡಿ ಮರುಳಾಗುವವರು ಬಹಳ. ಐ5-9300ಎಚ್ 2666ಕ್ಕೆ ಮೇಲೆ ಹೋಗುವುದಿಲ್ಲ, ಐ5-10300ಎಚ್ 2933ಕ್ಕೆ. 3200ರ ಸ್ಟಿಕ್ ಹಾಕಿದರೂ ಅದು ಇಳಿದು ಓಡುತ್ತದೆ, ತೊಂದರೆಯೇನಿಲ್ಲ. ತೊಂದರೆ ಆಗುವುದು ಎಕ್ಸ್‌ಎಂಪಿ ಪ್ರೊಫೈಲ್‌ನಲ್ಲಿ (ಬಯೋಸ್‌ನಲ್ಲಿ ಆನ್ ಮಾಡಬೇಕಾದ ಹೆಚ್ಚು ವೇಗದ ಸೆಟ್ಟಿಂಗ್) ಮಾತ್ರ 3200 ಕೊಡುವ ಸ್ಟಿಕ್‌ಗಳಿಂದ. ಲ್ಯಾಪ್‌ಟಾಪ್ ಬಯೋಸ್‌ಗಳಲ್ಲಿ ಸಾಮಾನ್ಯವಾಗಿ ಎಕ್ಸ್‌ಎಂಪಿ ಆಯ್ಕೆಯೇ ಇಲ್ಲ, ಆಗ ಅದು 2400ಕ್ಕೋ 2666ಕ್ಕೋ ಇಳಿದು ಹಳೆಯ ಸ್ಟಿಕ್ ಅನ್ನೂ ಕೆಳಗೆಳೆಯುತ್ತದೆ. ಸಿಎಲ್22, 1.2 ವೋಲ್ಟ್ ಅಂತ ಬರೆದ ಸಾದಾ 3200 ತಗೊಂಡರೆ ತಲೆನೋವಿಲ್ಲ. ಲೇಬಲ್ ಮೇಲೆ 1ಆರ್‌ಎಕ್ಸ್8, 1ಆರ್‌ಎಕ್ಸ್16 ಅಂತ ಇರುವುದನ್ನೂ ಓದಿ. ಡಿಡಿಆರ್4ರಲ್ಲಿ ಎಕ್ಸ್16 ಚಿಪ್‌ಗೆ ಬ್ಯಾಂಕ್ ಗ್ರೂಪ್ (ಚಿಪ್ ಒಳಗಿನ ಮೆಮೊರಿ ಗುಂಪುಗಳು) 2, ಎಕ್ಸ್8ಕ್ಕೆ 4. ನಾಲ್ಕೇ ಚಿಪ್ ಇರುವ ಅಗ್ಗದ ಸ್ಟಿಕ್ ಗೇಮ್‌ನಲ್ಲಿ ಸ್ವಲ್ಪ ಹಿಂದೆ ಬೀಳುವುದು ಇದಕ್ಕೇ. ಬೆಸುಗೆಯ 4 ಇದ್ದು ಸ್ಲಾಟ್‌ಗೆ 8 ಹಾಕಿದರೆ ಇಂಟೆಲ್ ಯಂತ್ರಗಳು 4+4ನ್ನು ಎರಡು ಚಾನಲ್‌ನಲ್ಲಿ, ಮಿಕ್ಕ 4ನ್ನು ಒಂದರಲ್ಲಿ ನಡೆಸುತ್ತವೆ. ಸಮಜೋಡಿಯಷ್ಟು ಚೆನ್ನಲ್ಲ, ಒಂಟಿ ಸ್ಟಿಕ್‌ಗಿಂತ ಎಷ್ಟೋ ವಾಸಿ.

ಕೂರಿಸುವ ಮುಂಚೆ ಬಯೋಸ್ ಹಳೆಯದಿದ್ದರೆ ಅಪ್‌ಡೇಟ್ ಮಾಡಿ, ಅದಕ್ಕೂ ಮುಂಚೆ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ತಾತ್ಕಾಲಿಕವಾಗಿ ನಿಲ್ಲಿಸಿ. ಇಲ್ಲದಿದ್ದರೆ ರಿಕವರಿ ಕೀ ಕೇಳಿಕೊಂಡು ನಿಂತುಬಿಡಬಹುದು, ಆ ಕೀ ಎಲ್ಲಿದೆ ಅಂತ ಗಿರಾಕಿಗೆ ಗೊತ್ತಿರುವುದಿಲ್ಲ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟರೆ ಫಾಸ್ಟ್ ಸ್ಟಾರ್ಟಪ್ ಬಿಟ್ಟು ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ಕಿತ್ತು, ತಳದ ಸ್ಕ್ರೂಗಳನ್ನು ಇದ್ದ ಜಾಗದ ಕ್ರಮದಲ್ಲೇ ಹಾಳೆಯ ಮೇಲೆ ಇಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಕೀಬೋರ್ಡ್ ಕಡೆ ಉಬ್ಬುತ್ತದೆ. ರಬ್ಬರ್ ಕಾಲಿನ ಕೆಳಗೂ ಸ್ಕ್ರೂ ಇರಬಹುದು. ಕವರ್ ಬಿಡಿಸಲು ಪ್ಲಾಸ್ಟಿಕ್ ಕಾರ್ಡ್ ಬಳಸಿ, ಸ್ಕ್ರೂಡ್ರೈವರ್ ತೂರಿಸಿದರೆ ಅಂಚು ಒಡೆಯುತ್ತದೆ. ಒಳಗೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು, ವೈರ್ ಎಳೆಯದೆ ಪ್ಲಗ್ ಹಿಡಿದೇ. ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಇಳಿಸಿ. ಸ್ಟಿಕ್ ಅನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ತಳ್ಳಿ, ಚಿನ್ನದ ಗೆರೆ ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋದ ಮೇಲೆ ಕೆಳಗೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ ಅನ್ನುತ್ತದೆ. ಗೆರೆ ಅರ್ಧ ಕಾಣುತ್ತಿದ್ದರೆ ಕೂತಿಲ್ಲ ಅಂತಲೇ.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಾಗೇ ಇದ್ದರೆ ಗಾಬರಿಯಾಗಿ ಬಟನ್ ಒತ್ತಬೇಡಿ. ಹೊಸ ಸ್ಟಿಕ್ ಕಂಡಾಗ ಬಯೋಸ್ ಮೆಮೊರಿ ಟ್ರೇನಿಂಗ್ ಮಾಡುತ್ತದೆ, ಡಿಡಿಆರ್5ರಲ್ಲಿ ಕೆಲವು ನಿಮಿಷವೇ ಹಿಡಿಯಬಹುದು. ಐದು ನಿಮಿಷ ಕಳೆದರೂ ಏನೂ ಬಾರದೆ ಕ್ಯಾಪ್ಸ್ ಲಾಕ್ ದೀಪ ಮಿನುಗುತ್ತಿದ್ದರೆ ಬಿಚ್ಚಿ ಮತ್ತೆ ಕೂರಿಸಿ, ಒಂದೊಂದೇ ಸ್ಟಿಕ್ ಅನ್ನು ಒಂದೊಂದು ಸ್ಲಾಟ್‌ನಲ್ಲಿ ಹಾಕಿ ನೋಡಿ.

ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬರುವ ಯಂತ್ರಗಳಲ್ಲಿ ಮಳೆಗಾಲದ ನಂತರ ಹೊಸ ಸ್ಟಿಕ್ ಒಳ್ಳೆಯದಿದ್ದರೂ ಸ್ಲಾಟ್ ಕೈಕೊಡುವುದುಂಟು. ವರ್ಷವಿಡೀ ಖಾಲಿ ಇದ್ದ ಎರಡನೇ ಸ್ಲಾಟ್‌ನ ಹಲ್ಲುಗಳ ಮೇಲೆ ತೇವ, ಧೂಳು ಸೇರಿ ಮಬ್ಬು ಪದರ ಕಟ್ಟಿರುತ್ತದೆ. 99% ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೆತ್ತನೆ ಬ್ರಶ್‌ನಿಂದ ಸ್ಲಾಟ್, ನೂಲು ಬಿಡದ ಬಟ್ಟೆಯಿಂದ ಸ್ಟಿಕ್ ಒರೆಸಿ ಪೂರ್ತಿ ಆರಲು ಬಿಡಬೇಕು. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ಹಳೆಯ ಅಭ್ಯಾಸ ಇದೆ, ಅದರ ಪುಡಿ ಸ್ಲಾಟ್‌ಗೆ ಬಿದ್ದರೆ ಇನ್ನೊಂದು ತೊಂದರೆ. ಮರಳು ಕಾಗದವಂತೂ ಬೇಡವೇ ಬೇಡ, ಚಿನ್ನದ ಲೇಪವೇ ಹೋಗುತ್ತದೆ.

ಆನ್ ಆಯಿತು ಅಂತ ಕೈತೊಳೆದುಕೊಳ್ಳಬಾರದು. ಸಿಪಿಯು-ಝಡ್ ಅನ್ನುವ ತಂತ್ರಾಂಶದ ಮೆಮೊರಿ ಪುಟದಲ್ಲಿ ಚಾನಲ್ ಡ್ಯುಯಲ್ ಇದೆಯಾ ನೋಡಿ (ಡಿಡಿಆರ್5ರಲ್ಲಿ 4 x 32 ಬಿಟ್ ಅಂತ ತೋರಿಸುತ್ತದೆ). ಅಲ್ಲಿನ ಫ್ರೀಕ್ವೆನ್ಸಿ ಅರ್ಧ ಕಾಣುವುದು ಸರಿಯೇ, 1600 ಅಂದರೆ 3200. ಆಮೇಲೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ನಿಂದ ಓಡಿಸಿ, ಪುಕ್ಕಟೆ ಆವೃತ್ತಿಯ ನಾಲ್ಕೂ ಪಾಸ್ ಮುಗಿಯಲು ಬಿಡಿ. ಒಂದೇ ಒಂದು ತಪ್ಪು ಬಂದರೂ ಆ ಸ್ಟಿಕ್ ವಾಪಸ್. ರಾತ್ರಿ ಹಚ್ಚಿ ಹೋಗುವುದಾದರೆ ಯುಪಿಎಸ್ ಇರಲಿ.

ಕವರ್ ತೆರೆದಾಗಲೇ ಫ್ಯಾನ್, ಹೀಟ್‌ಸಿಂಕ್ ರೆಕ್ಕೆಗಳ ನಡುವಿನ ಧೂಳಿನ ಪದರ ತೆಗೆಯಿರಿ, ಮೂರ್ನಾಲ್ಕು ವರ್ಷದ ಯಂತ್ರವಾದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಕೂಡ ಬದಲಿಸಿ. 95 ಡಿಗ್ರಿ ದಾಟಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತಿದ್ದ ಲ್ಯಾಪ್‌ಟಾಪ್‌ಗೆ ಇದರಿಂದ ಸಿಗುವ ಎಫ್‌ಪಿಎಸ್, ಎಷ್ಟೋ ಸಲ ಹೊಸ ರ‍್ಯಾಮ್‌ನಿಂದ ಸಿಗುವುದಕ್ಕಿಂತ ಜಾಸ್ತಿ. ಚಾರ್ಜರ್ ಅದರದೇನಾ ಅಂತಲೂ ನೋಡಿ. 150 ವ್ಯಾಟ್ ಬೇಡುವ ಯಂತ್ರಕ್ಕೆ 65ರದು ಚುಚ್ಚಿಕೊಂಡು ಬಂದು ಗೇಮ್ ಹ್ಯಾಂಗ್ ಅನ್ನುವವರಿದ್ದಾರೆ. ಬಿಲ್ ಹಿಂಬದಿಗೆ, ರ‍್ಯಾಮ್ ಹಾಕುವ ಮುಂಚಿನ, ಹಾಕಿದ ನಂತರದ ಎಫ್‌ಪಿಎಸ್ ಮತ್ತು 1% ಲೋ ಬರೆದು ಕೊಡಿ, ಅದೇ ಗೇಮ್, ಅದೇ ಜಾಗ, ಅದೇ ಸೆಟ್ಟಿಂಗ್‌ನಲ್ಲಿ ಅಳೆದದ್ದು. ತೆಗೆದ ಹಳೆಯ ಸ್ಟಿಕ್ ಇದ್ದರೆ ಆಂಟಿಸ್ಟ್ಯಾಟಿಕ್ ಕವರ್‌ನಲ್ಲಿ ಹಾಕಿ ಗಿರಾಕಿಯ ಕೈಗೇ ಕೊಡಿ, ಅದು ಅವರದು.