ಕೋಡಿಯಲ್ಲಿ ಹಿಡಿದ ಹಗ್ಗ

ದಸರಾ ಮುಗಿದ ಮೇಲೆ ನಾಲ್ಕು ದಿನ ಕಡಲ ಪಕ್ಕ ಸುಮ್ನೆ ಇದ್ದು ಬರೋಣ ಅಂತ ತಂಗಿಯೂ ನಾನೂ ಮಾತಾಡಿಕೊಂಡೆವು. ಗೋಕರ್ಣ ಬೇಡ ಅಂದೆ. ಮಲ್ಪೆಯೂ ಬೇಡ. ವಾಟರ್ ಸ್ಕೂಟರ್ ಗದ್ದಲದಲ್ಲಿ ಅಲೆಯ ಸದ್ದೇ ಕೇಳದ ಬೀಚು ನನಗೆ ಸೇರುವುದಿಲ್ಲ. ಕೊನೆಗೆ ಕುಂದಾಪುರ ಅಂತಾಯ್ತು. ಬೆಂಗಳೂರಲ್ಲಿ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿ ಇಳಿಯಬಹುದು. ಮರವಂತೆಗೋ ಕೊಲ್ಲೂರಿಗೋ ಹೋಗುವವರು ಊರನ್ನು ಹಾದು ಹೋಗುತ್ತಾರೆ, ಉಳಿಯುವವರು ಕಡಿಮೆ. ನಮಗೆ ಬೇಕಿದ್ದದ್ದೂ ಅದೇ.

ಮೊದಲ ರಾತ್ರಿ ಮಾತ್ರ ನಿದ್ದೆ ಇಲ್ಲ. ಫೋನಲ್ಲಿ "ಕಡಲಿಗೆ ಎರಡೇ ನಿಮಿಷ" ಅಂದಿದ್ದ ರೂಮು ರಾಷ್ಟ್ರೀಯ ಹೆದ್ದಾರಿ 66ರ ಅಂಚಿಗೇ ಇತ್ತು. ಬೆಳಗಿನವರೆಗೂ ಲಾರಿ, ಹಾರ್ನು. ಬಿಟ್ಟು ಹೋಗುತ್ತೇವೆ ಅಂದರೆ ಮುಂಗಡ ವಾಪಸ್ ಕೊಡಲಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಹೋಗುವುದಾದರೆ ದುಡ್ಡು ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ರೂಮು ಹೆದ್ದಾರಿಯಿಂದ ಪಡುವಣಕ್ಕೋ, ಮೂಡಣಕ್ಕೋ? ರೈಲು ನಿಲ್ದಾಣವೂ ಪೇಟೆಯಿಂದ ದೂರ, ಮೂಡ್ಲಕಟ್ಟೆಯಲ್ಲಿದೆ. ಆಟೋ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ.

ಮರುದಿನ ಕುಂದಾಪುರದ ಕಡಲಂಚಿನ ಕೋಡಿ ಅನ್ನುವ ಜಾಗದಲ್ಲಿ ಒಂದು ಮನೆಯ ಮಹಡಿ ಸಿಕ್ಕಿತು. ಒಂದು ಕಡೆ ಕಡಲು, ಇನ್ನೊಂದು ಕಡೆ ಐದು ಹೊಳೆ ಸೇರಿ ಬರುವ ಪಂಚಗಂಗಾವಳಿ. ಅಳಿವೆಯ ಆಚೆ ಗಂಗೊಳ್ಳಿ ಬಂದರಿನ ಬೋಟುಗಳು. ಆ ದಿನ ತಿಂದೆವು, ಮಲಗಿದೆವು, ಗುಡುಗು ಮಳೆ ನೋಡಿದೆವು.

ಮೂರನೇ ದಿನ ಬೆಳಿಗ್ಗೆ ದಡದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರು. ಹಗ್ಗದ ಒಂದು ತುದಿ ದಡದಲ್ಲಿ ಬಿಟ್ಟು, ದೋಣಿಯಲ್ಲಿ ಬಲೆ ಹಾಕುತ್ತಾ ಕಡಲಲ್ಲಿ ಅರ್ಧ ಸುತ್ತು ಬಂದು, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಾರೆ. ಆಮೇಲೆ ಎರಡು ಗುಂಪು ಎರಡು ಕಡೆಯಿಂದ ಎಳೆಯಬೇಕು. ನಾವು ಮರಳಲ್ಲಿ ಕೂತು ನೋಡುತ್ತಿದ್ದೆವು. ಅರವತ್ತು ದಾಟಿದ ಹೆಂಗಸೊಬ್ಬರು ತಿರುಗಿ ಕೂಗಿದರು: "ಹ್ವಾಯ್, ಸುಮ್ನೆ ಕೂಕಂಡ್ರೆ ಎಂತ ಸಿಕ್ಕತ್ತ್? ಹಗ್ಗ ಹಿಡ್ಕಣಿ!"

ಹಿಡಿದೆವು. ಹಗ್ಗ ಒದ್ದೆ, ಅದರ ಎಳೆಗಳ ಸಂದಿಯಲ್ಲೆಲ್ಲ ಮರಳು. "ಐಸಾ" ಅಂದಾಗ ಎಲ್ಲರೂ ಸೊಂಟ ಹಿಂದಕ್ಕೆ ಕೊಟ್ಟು ಒಂದೊಂದು ಹೆಜ್ಜೆ ಹಿಂದೆ ಇಡುತ್ತಾರೆ. ತೀರಾ ಹಿಂದೆ ಹೋದವರು ಹಗ್ಗ ಬಿಟ್ಟು, ನೀರಿನ ಅಂಚಿಗೆ ಬಂದು ಮತ್ತೆ ಹಿಡಿಯುತ್ತಾರೆ. ಹತ್ತು ನಿಮಿಷಕ್ಕೆ ನನ್ನ ಅಂಗೈ ಕೆಂಪಾಯಿತು. ಆ ಅಮ್ಮನ ಅಂಗೈ ನೋಡಿದೆ, ಹಳೇ ಚಪ್ಪಲಿಯ ತೊಗಲಿನ ಹಾಗೆ ನುಣ್ಣಗಿತ್ತು.

"ಎಲ್ಲಿಯವ್ರ್?"

"ಬೆಂಗಳೂರು, ಅಮ್ಮಾ."

"ನನ್ ಮಗನೂ ಅಲ್ಲೇ ಇಪ್ಪುದ್. ಹೋಟ್ಲಂಗೆ ಕೆಲ್ಸ."

ಯಾವ ಹೋಟೆಲು ಅಂದೆ. ಹೆಸರು ಗೊತ್ತಿರಲಿಲ್ಲ. ವಿಜಯನಗರದಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರ ಅಂದರು. ಅಲ್ಲಿ ಚಳಿ ಶುರುವಾಯ್ತಾ, ಹೊತ್ತಿಗೆ ಊಟ ಸಿಗುತ್ತಾ ಅಂತ ಕೇಳಿದರು. ನಾನು ಇಪ್ಪತ್ತು ವರ್ಷದಿಂದ ದರ್ಶಿನಿಗಳಲ್ಲಿ ಕಾಫಿ ಕುಡಿಯುತ್ತಿದ್ದೇನೆ. ಲೋಟ ಎತ್ತುವ ಹುಡುಗರ ಊರು ಯಾವುದು ಅಂತ ಒಮ್ಮೆಯೂ ಕೇಳಿಲ್ಲ. ಅವರಿಗೆ ಏನು ಹೇಳಬೇಕೋ ತೋಚಲಿಲ್ಲ. "ಚಳಿ ಅಷ್ಟಿಲ್ಲಮ್ಮಾ" ಅಂದೆ. ಅವರು ತಲೆ ಆಡಿಸಿ ಮತ್ತೆ ಎಳೆದರು.

ಎರಡು ಗುಂಪು ಹತ್ತಿರ ಬಂದ ಹಾಗೆ ಬಲೆಯೊಳಗಿನ ನೀರು ಕುದಿಯತೊಡಗಿತು. ಬಂಗುಡೆ, ಬೈಗೆ, ಸಣ್ಣ ಸಿಗಡಿ. ಹಗ್ಗ ಹಿಡಿದವರಿಗೆಲ್ಲ ಪಾಲು. ನಮಗೂ ಆರು ಬಂಗುಡೆ ಸಿಕ್ಕವು. ಆ ಅಮ್ಮ ತಮ್ಮ ಪಾಲಿನಿಂದ ಇನ್ನೆರಡು ತಂಗಿಯ ಕೈಗೆ ಹಾಕಿದರು. ಮನೆಯವರು ಅದನ್ನು ಕಾಯಿ, ಒಣಮೆಣಸು, ಹುಣಸೆ ಅರೆದು ಸಾರು ಮಾಡಿಕೊಟ್ಟರು. ಕುಚ್ಚಲಕ್ಕಿ ಅನ್ನದ ಜೊತೆ ಅಂಥ ರುಚಿ ನಾನು ಬೇರೆಲ್ಲೂ ಉಂಡಿಲ್ಲ.

ಬೆಂಗಳೂರಿಗೆ ಬಂದ ಮೇಲಿನ ಮೊದಲ ಭಾನುವಾರವೇ ವಿಜಯನಗರಕ್ಕೆ ಹೋದೆ. ಬಸ್ ಸ್ಟ್ಯಾಂಡ್ ಹತ್ತಿರದ ಎರಡನೇ ಹೋಟೆಲಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗನನ್ನು ಯಾವ ಊರಪ್ಪಾ ಅಂತ ಕೇಳಿದೆ.

"ಕುಂದಾಪ್ರ ಹತ್ರ, ಹೆಮ್ಮಾಡಿ."

ಕೋಡಿಯವರು ಯಾರಾದರೂ ಇದ್ದಾರಾ ಅಂದೆ. ಇಲ್ಲಿ ಯಾರೂ ಇಲ್ಲ ಅಂದ. ಕೋಡಿಯಿಂದ ಬಂದು ನಾಲ್ಕು ದಿನ ಆಯ್ತು ಅಂದೆ. ಒರೆಸುವ ಬಟ್ಟೆ ಹಿಡಿದು ನಿಂತುಬಿಟ್ಟ.

"ಕೈರಂಪಣಿಗೆ ಮೀನು ಬಿತ್ತಾ?"